ರೊಟ್ಟಿ ಬಡಿಯುವ ಕೈ ಬೇಕಾಗಿದೆ

ಉಣಕಲ್ಲಿನಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಸೇರಿ ಜೋಳದ ರೊಟ್ಟಿ ಮಾಡಿ ಮಾರುವ ಕೆಲಸ ಶುರುಮಾಡಿದ್ದಾರೆ. ಅವರಲ್ಲೊಬ್ಬಳು ಮನೆಗೆ ಬಂದು, "ನೀಲಕ್ಕಾರ, ಒಂದಿನ ಬಂದು ನಮ್ಮ ಹುಡುಗ್ಯಾರಿಗೆ ನಾಕ ಮಾತು ಹೇಳ್ರಿ" ಎಂದು ಕರೆದಳು. ಮೈಕು ಕಂಡರೆ ನನ್ನ ನಾಲಿಗೆ ಒಣಗುತ್ತದೆ. ಬರೆದು ಕೊಡುತ್ತೇನೆ, ಓದಿಕೊಳ್ಳಿ ಎಂದೆ. ನಾನು ಕಲಿತದ್ದು ಏಳನೆಯ ಇಯತ್ತೆಯವರೆಗೆ. ಅಕ್ಷರ ತಿದ್ದಿಕೊಟ್ಟವಳು ನನ್ನ ತಮ್ಮನ ಮಗಳು, ಸಾಲಿಯಲ್ಲಿ ಟೀಚರು. ಮಾತು ಮಾತ್ರ ನನ್ನವೇ. ಅವಳು ಎರಡು ಕಡೆ "ಇದನ್ನ ಬಿಟ್ಟುಬಿಡ್ರಿ ಅತ್ತಿ, ನಿಮಗ ಕೆಟ್ಟ ಕಾಣ್ತದ" ಎಂದಳು. ಬಿಟ್ಟಿಲ್ಲ.

ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ರೊಟ್ಟಿ ಬಡಿದೆ. ಹೆಸರು ಬೇಡ, ಊಟ ಮಾಡಿದವರಿಗೆ ಗೊತ್ತು. ರೊಟ್ಟಿ ಬಡಿಯುವುದನ್ನು ಈಗ ಫೋನಿನಲ್ಲಿ ತೋರಿಸುತ್ತಾರಂತೆ. ಒಳ್ಳೆ ಸೀರೆ ಉಟ್ಟು, ನಗುತ್ತ, ಎರಡು ರೊಟ್ಟಿ ಬಡಿದು ಎದ್ದುಬಿಡುತ್ತಾರೆ. ನಮ್ಮದು ಹಾಗಲ್ಲ. ಬೆಳಗಿನ ಹತ್ತಕ್ಕೆ ಕುಳಿತರೆ ಮಧ್ಯಾಹ್ನದ ಪಂಕ್ತಿ ಮುಗಿಯುವವರೆಗೆ ಏಳುವಂತಿಲ್ಲ. ಎದುರಿಗೆ ಹಂಚು, ಎಡಗಡೆ ಕುದಿಯುವ ನೀರಿನ ಬೋಗಣಿ, ನಡುವೆ ಹಿಟ್ಟು ನಾದುವ ಕಟ್ಟಿಗೆಯ ಮರಿಗೆ. ಬೇಸಿಗೆಯಲ್ಲಿ ಕುಪ್ಪಸದ ಬೆನ್ನು ಒಣಗಿದ್ದು ನನಗೆ ನೆನಪಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಗೊತ್ತಿದ್ದು ಬಂದವರು ನಿಲ್ಲುತ್ತಾರೆ, ಗೊತ್ತಿಲ್ಲದೆ ಬಂದವರು ಮೂರನೆಯ ದಿನ ನೆಂಟರ ಮದುವೆ ಇದೆಯೆಂದು ಹೋಗಿ ತಿರುಗಿ ಬರುವುದಿಲ್ಲ.

ನನ್ನ ತವರು ಹೆಬ್ಬಳ್ಳಿ, ಕೊಟ್ಟಿದ್ದು ಉಣಕಲ್ಲಿಗೆ. ನಮ್ಮ ಯಜಮಾನರು ಕೆಲಸಕ್ಕಿದ್ದ ಹತ್ತಿ ಬಿಡಿಸುವ ಜಿನ್ನು ಗಿರಣಿ ಮುಚ್ಚಿದ ಮೇಲೆ ನಾನು ಖಾನಾವಳಿಗೆ ಹೋದೆ. ಆಗ ಅಲ್ಲಿ ಮೂರು ಒಲೆ, ಆರು ಜನ. ಒಬ್ಬಳು ಬಡಿಯುವವಳು, ಒಬ್ಬಳು ಹಂಚಿನ ಮೇಲೆ ಬೇಯಿಸುವವಳು, ಹೀಗೆ ಜೋಡಿ. ಮೂರೂ ಒಲೆಗಳಿಗೆ ದೊಡ್ಡವಳು ಗಂಗವ್ವ. ಮಾಲೀಕರು ವೀರಣ್ಣನವರು ಆಗ ಹರೆಯದವರು, ಗಲ್ಲಾದ ಮೇಲೆ ಕುಳಿತು ಮಂದಿಗೆ ಜೋರು ಮಾಡುತ್ತಿದ್ದರು. ಅಂಥವರೂ ಗಂಗವ್ವ ಅಡುಗೆಮನೆಯಿಂದ ಹೊರಗೆ ಬಂದರೆ ಎದ್ದು ನಿಲ್ಲುತ್ತಿದ್ದರು.

ಗಂಗವ್ವ ನನಗೆ ಮೊದಲ ಆರು ತಿಂಗಳು ಹಿಟ್ಟು ಮುಟ್ಟಗೊಡಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುವುದೇ ನನ್ನ ಕೆಲಸ. ನಾನು ತವರಿನಲ್ಲಿ ಹನ್ನೆರಡು ಮಂದಿಯ ಮನೆಗೆ ರೊಟ್ಟಿ ಬಡಿದವಳು, ನನಗೆ ಇದೇ ಗತಿಯೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಒಂದು ದಿನ ಬಾಯಿ ಬಿಟ್ಟು ಕೇಳಿಯೂ ಬಿಟ್ಟೆ. "ಮನ್ಯಾಗ ಹನ್ನೆರಡು ಮಂದಿ ಅಂದ್ರ ಹನ್ನೆರಡು ಮಂದೀನ. ಇಲ್ಲೆ ಹದಿಮೂರನೇದಾಂವ ಯಾವಾಗ ಬರ್ತಾನ ಅಂತ ಗೊತ್ತಿಲ್ಲ. ಸುಮ್ಮ ನೀರ ಹಚ್ಚು" ಎಂದಳು.

ಅವಳು ಹೇಳಿಕೊಟ್ಟದ್ದು ಇಷ್ಟು. ಜೋಳ ಬಿಳಿಯದಾಗಿರಬೇಕು, ಹಿಂಗಾರಿನದಾಗಿರಬೇಕು. ಹಿಟ್ಟು ಬೀಸಿ ಮೂರು ದಿನದ ಮೇಲೆ ಇಡಬಾರದು, ಜಿಗಿ ಹೋಗುತ್ತದೆ. ಜಿಗಿ ಎಂದರೆ ಹಿಟ್ಟಿಗೆ ಹಿಟ್ಟು ಹಿಡಿದುಕೊಳ್ಳುವ ಅಂಟು. ಅದಿಲ್ಲದಿದ್ದರೆ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ. ನೀರು ಕುದಿಯುತ್ತಿರುವಾಗಲೇ ಹಿಟ್ಟಿಗೆ ಬೀಳಬೇಕು, ಕೈ ಸುಡುವಾಗಲೇ ನಾದಬೇಕು. ಬಡಿಯುವಾಗ ಅಂಗೈ ಬೀಳಬೇಕು, ಬೆರಳು ಬೀಳಬಾರದು. ರೊಟ್ಟಿ ತಾನೇ ತಿರುಗಬೇಕು, ನಾವು ತಿರುಗಿಸಬಾರದು. ಈ ಕೊನೆಯ ಮಾತು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು, ಅರ್ಥವಾದ ದಿನದಿಂದ ಯಾರಿಗೂ ಹೇಳಿ ತಿಳಿಸಲು ಆಗಲಿಲ್ಲ.

ಇನ್ನೊಂದು ನೇಮವಿತ್ತು. ಮುಸುರೆ ತೊಳೆಯುವ ಕೈ ಹಿಟ್ಟಿಗೆ ಬರಬಾರದು. ಉಂಡ ತಾಟು, ಎಂಜಲು ಬಟ್ಟಲು ತೊಳೆಯುವವಳು ಒಲೆಯ ಹತ್ತಿರ ಬರುವಂತಿಲ್ಲ, ಮರಿಗೆ ಮುಟ್ಟುವಂತಿಲ್ಲ. ಅವಳ ಊಟವನ್ನೂ ನಾವು ಎತ್ತಿ ಹಾಕುತ್ತಿದ್ದೆವು. ಸ್ವಚ್ಛತೆ ಎಂದು ಗಂಗವ್ವ ಹೇಳುತ್ತಿದ್ದಳು. ನಾನೂ ಹಾಗೇ ಹೇಳುತ್ತ ಬಂದೆ. ಬರೀ ಸ್ವಚ್ಛತೆಯಾಗಿದ್ದರೆ ಸಾಬೂನು ಹಚ್ಚಿ ತೊಳೆದರೆ ಮುಗಿಯಿತಲ್ಲ, ಎಂದು ಯಾರೂ ಕೇಳಲಿಲ್ಲ. ಅದರಲ್ಲಿ ಮೇಲು ಕೀಳಿನ ವಾಸನೆ ಇರಲಿಲ್ಲವೇ ಎಂದು ನನ್ನ ತಮ್ಮನ ಮಗಳು ಕೇಳಿದಳು. ಇರಲಿಲ್ಲ ಎಂದು ಹೇಳಲಾರೆ.

ಗಂಗವ್ವ ಮೊಣಕಾಲು ಹಿಡಿದು ಮನೆಯಲ್ಲಿ ಕುಳಿತ ಮೇಲೆ ಅವಳ ಜಾಗಕ್ಕೆ ನಾನು ಬಂದೆ. ಅದು ಹೇಗೆ ಬಂತು, ಯಾರಿಗೆ ಹೊಟ್ಟೆ ಉರಿಯಿತು ಎಂಬುದೆಲ್ಲ ಬೇಡ. ಬಂದ ಮೊದಲ ವರ್ಷವೇ ನಾನು ಮಾಡಿದ ಹುಚ್ಚು ಕೆಲಸ ಹೇಳುತ್ತೇನೆ.

ಧಾರವಾಡದ ಮಾಳಮಡ್ಡಿಯ ಒಂದು ಮನೆಯಿಂದ ಮದುವೆಗೆ ಕಡಕ್ ರೊಟ್ಟಿಯ ಆರ್ಡರು ಬಂದಿತ್ತು. ಐನೂರು. ಆ ವರ್ಷ ಜೋಳ ತುಟ್ಟಿ. ಹೆಬ್ಬಳ್ಳಿಯ ನಮ್ಮ ಕಾಕಾ ಕಡಿಮೆ ದರಕ್ಕೆ ನಾಲ್ಕು ಚೀಲ ಕೊಡುತ್ತೇನೆ ಎಂದರು. ಮಾಲೀಕರಿಗೆ ಉಳಿತಾಯ ಮಾಡಿ ತೋರಿಸಬೇಕೆಂಬ ಹುಕಿ ನನಗೆ. ಕಾಳು ಬಾಯಿಗೆ ಹಾಕಿ ಕಡಿದು ಕೂಡ ನೋಡದೆ ತರಿಸಿದೆ. ಸಾಲದ್ದಕ್ಕೆ ಗಿರಣಿಗೆ ಮೇಲಿಂದ ಮೇಲೆ ಹೋಗುವುದು ತಪ್ಪಲಿ ಎಂದು ಒಮ್ಮೆಗೇ ಎಲ್ಲ ಬೀಸಿಸಿದೆ. ಅದು ಹೈಬ್ರಿಡ್ ಜೋಳ. ನೋಡಲು ಬೆಳ್ಳಗೆ, ಜಿಗಿ ಎಂಬುದು ಹೆಸರಿಗೂ ಇಲ್ಲ. ಬಡಿಯುವಾಗಲೇ ಅಂಚು ಸೀಳುತ್ತಿತ್ತು. ಕುದಿಯುವ ನೀರು ಹೆಚ್ಚು ಹಾಕಿ, ಹಾಗೂ ಹೀಗೂ ಐನೂರು ಮುಗಿಸಿ, ಒಣಗಿಸಿ, ಬುಟ್ಟಿಯಲ್ಲಿ ಕಟ್ಟಿ ಟೆಂಪೋದಲ್ಲಿ ಒಯ್ದೆವು. ಆ ರಸ್ತೆಯ ಕುಣಿಗಳು ಉಳಿದ ಕೆಲಸ ಮಾಡಿದವು.

ಮದುವೆಮನೆಯ ಅಜ್ಜಿ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿದರು. ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡರು. "ರುಚಿ ಛಲೋ ಅದ ನೋಡವಾ. ಆದರ ನಾವು ರೊಟ್ಟಿ ಹೇಳಿದ್ವಿ, ನೀ ಅವಲಕ್ಕಿ ತಂದೀಯಲ್ಲ" ಎಂದರು. ಸುತ್ತ ನಿಂತವರೆಲ್ಲ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಜ್ಜಿ ಮಾತ್ರ ಬೈಯಲಿಲ್ಲ. ಮರುದಿನ ಮುಂಜಾನೆ ಅವರ ಹಿತ್ತಲಿನಲ್ಲೇ ಒಲೆ ಹೂಡಿ, ಅವರ ಮನೆಯ ಹಿಟ್ಟಿನಲ್ಲೇ ಬಿಸಿ ರೊಟ್ಟಿ ಬಡಿದುಕೊಟ್ಟೆ. ಮಾಲೀಕರು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅಂದಿನಿಂದ ಜೋಳವನ್ನು ಹಲ್ಲಿನಲ್ಲಿ ಕಡಿದು ನೋಡದೆ ಒಂದು ಚೀಲವನ್ನೂ ಒಳಗೆ ಬಿಟ್ಟವಳಲ್ಲ.

ಕಟ್ಟಿಗೆ ಹೋಗಿ ಗ್ಯಾಸ್ ಬಂದಾಗ ನಾನು ಬಹಳ ಕೂಗಾಡಿದೆ. ಗ್ಯಾಸಿನ ಉರಿ ನಡುವೆ ಸುಡುತ್ತದೆ, ಅಂಚಿಗೆ ಮುಟ್ಟುವುದಿಲ್ಲ. ಮೊದಲ ವಾರದ ರೊಟ್ಟಿ ನಡುವೆ ಕಪ್ಪು, ಸುತ್ತ ಹಸಿ. ದಪ್ಪ ಹಂಚು ತರಿಸಿ, ಬರ್ನರಿನ ಮೇಲೆ ಕಬ್ಬಿಣದ ಬಳೆ ಇಡಿಸಿ, ಒಂದು ತಿಂಗಳಿಗೆ ಹದಕ್ಕೆ ಬಂತು. ಎರಡನೆಯ ತಿಂಗಳಿಗೆ ನನ್ನ ಕೆಮ್ಮು ನಿಂತಿತು. ಹಳೆಯದೇ ಛಲೋ ಇತ್ತು ಎಂದು ಉಣ್ಣಲು ಬಂದವರು ಹೇಳುತ್ತಿದ್ದರು. ಅವರು ಕಟ್ಟಿಗೆ ಒಲೆಯ ಮುಂದೆ ಒಂದೇ ಒಂದು ಮೇ ತಿಂಗಳು ಕೂಡಲಿ, ಆಮೇಲೆ ಮಾತಾಡೋಣ.

ಗ್ಯಾಸು ಬಂದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು, ಅದರ ದರ. ಸಿಲಿಂಡರ್ ಏರಿದಾಗಲೆಲ್ಲ ಮಾಲೀಕರು ಅಡುಗೆಮನೆಗೆ ಬಂದು ಒಲೆಯ ಉರಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಜೋಳ ಏರಿತು, ಬದನೆಕಾಯಿ ಏರಿತು, ಶೇಂಗಾ ಏರಿತು, ಅಂಗಡಿಯ ಬಾಡಿಗೆ ಏರಿತು. ಊಟದ ದರ ಐದು ರೂಪಾಯಿ ಏರಿಸಿದರೆ ಮಾತ್ರ ಇಪ್ಪತ್ತು ವರ್ಷದಿಂದ ಬರುವವರೂ ಮುಖ ತಿರುಗಿಸುತ್ತಿದ್ದರು. ಮೊದಲು ಬೇಕಾದಷ್ಟು ರೊಟ್ಟಿ ಎಂದಿದ್ದದ್ದು, ಆಮೇಲೆ ಮೂರು, ಆಮೇಲೆ ಎರಡು.

ಒಂದು ದಿನ ಮಾಲೀಕರು ಒಂದು ಸ್ಟೀಲಿನ ತಾಟು ಹಿಡಿದು ಬಂದರು. "ನೀಲವ್ವಾ, ರೊಟ್ಟಿ ಇಷ್ಟ ಅಗಲ ಇದ್ರ ಸಾಕು. ಒಂದ ಬೆರಳಿನಷ್ಟು ಕಡಿಮಿ ಮಾಡು" ಎಂದರು. ಸರಿ ಎಂದೆ. ತಾಟನ್ನು ಪಕ್ಕದಲ್ಲಿಟ್ಟುಕೊಂಡು ಬಡಿದೆ. ಕೈ ಕೇಳಬೇಕಲ್ಲ! ಎರಡು ರೊಟ್ಟಿ ತಾಟಿನಷ್ಟಾದರೆ ಮೂರನೆಯದು ತನ್ನ ಹಳೆಯ ಅಗಲಕ್ಕೇ ಹೋಗಿ ನಿಲ್ಲುತ್ತಿತ್ತು. ಒಂದೇ ಪಂಕ್ತಿಯಲ್ಲಿ ಒಬ್ಬರಿಗೆ ಸಣ್ಣದು, ಒಬ್ಬರಿಗೆ ದೊಡ್ಡದು. ಜಗಳ ಹತ್ತಿತು. ಕೊನೆಗೆ ಮಾಲೀಕರೇ ತಾಟು ಎತ್ತಿಕೊಂಡು ಹೋದರು. ಉಂಡೆ ಸಣ್ಣದು ಮಾಡಿದರೆ ನನ್ನ ಕೈ ಅದನ್ನೇ ತೆಳ್ಳಗೆ ಮಾಡಿ ಹಳೆಯ ಅಗಲಕ್ಕೆ ತರುತ್ತದೆ ಎಂದು ಅವರಿಗೆ ಆಮೇಲೆ ತಿಳಿಯಿತು. ಹಾಗೆ ಹಿಟ್ಟೂ ಉಳಿಯಿತು, ಮಂದಿ "ಏನ್ ತೆಳ್ಳಗ ಮಾಡೀರಿ" ಎಂದು ಹೊಗಳಿಯೂ ಹೋದರು. ಇಂಥ ಉಪಾಯಗಳಲ್ಲೇ ಸಣ್ಣ ಧಂದೆಗಳು ಬದುಕುತ್ತವೆ.

ಇವೆಲ್ಲ ತಾಳಿಕೊಳ್ಳುವಂಥವೇ. ತಾಳಲಾಗದ್ದು ಕೈಗಳ ಕೊರತೆ. ಆರು ಜನರಲ್ಲಿ ಒಬ್ಬಳಿಗೆ ವಯಸ್ಸಾಯಿತು, ಒಬ್ಬಳು ಮಗಳ ಬಾಣಂತನಕ್ಕೆ ಹೋದವಳು ಅಲ್ಲೇ ಉಳಿದಳು, ಒಬ್ಬಳಿಗೆ ಬೆನ್ನು ಹೋಯಿತು. ಹೋದವರ ಜಾಗಕ್ಕೆ ಬರುವವರಿಲ್ಲ. ಮೊದಲು ಮೂರನೆಯ ಒಲೆ ಆರಿತು. ಎರಡನೆಯ ಒಲೆಯಲ್ಲಿ ಬಡಿಯಲು ಶಾಂತಾ ಎಂಬವಳು, ಒಂದನೆಯದಕ್ಕೆ ನಾನು. ಹಂಚಿನ ಮೇಲೆ ಬೇಯಿಸಲು ಇಬ್ಬರಿಗೂ ಸೇರಿ ನನಗಿಂತ ಹಿರಿಯ ಒಬ್ಬ ಮುದುಕಿ. ಮಾಲೀಕರು ಹೊರಗೆ ಬೋರ್ಡು ಹಚ್ಚಿದರು: ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಬೇಕಾಗಿದ್ದಾರೆ. ಅದು ಬಿಸಿಲಿಗೆ ಮಾಸಿ ಬಿಳಿಯಾಯಿತು, ಮತ್ತೆ ಬರೆಸಿದರು.

ನಾನು ಹೆಬ್ಬಳ್ಳಿಗೆ ಹೋಗಿ ಮನೆ ಮನೆ ಕೇಳಿದೆ. ನನ್ನ ಓರಗೆಯವರ ಸೊಸೆಯಂದಿರು ನಕ್ಕರು. "ನಮ್ಮ ಮನ್ಯಾಗ ಹುಡುಗರು ಅನ್ನಾನ ಉಣ್ತಾವ್ರಿ. ರೊಟ್ಟಿ ಬೇಕಂದ್ರ ಅತ್ತೀನ ಬಡೀತಾರ" ಎಂದಳು ಒಬ್ಬಳು. ಇನ್ನೊಬ್ಬಳು ಹುಬ್ಬಳ್ಳಿಯ ಬಟ್ಟೆ ಅಂಗಡಿಗೆ ಹೋಗುತ್ತಿದ್ದಳು. "ಅಲ್ಲೆ ಫ್ಯಾನ್ ಐತ್ರಿ ಅತ್ತಿ, ಎಸಿನೂ ಐತಿ. ನಿಮ್ಮಲ್ಲೆ ಏನೈತಿ?" ಎಂದಳು. ನಮ್ಮಲ್ಲಿ ಒಲೆ ಇದೆ ಎನ್ನಲು ಮನಸ್ಸು ಬರಲಿಲ್ಲ, ಚಹಾ ಕುಡಿದು ಬಂದೆ.

ಬೋರ್ಡು ನೋಡಿ ಒಮ್ಮೆ ಡಿಗ್ರಿ ಓದಿದ ಹುಡುಗಿ ಬಂದಿದ್ದಳು. ಕೈ ಛಲೋ ಇತ್ತು, ಎರಡು ದಿನದಲ್ಲೇ ರೊಟ್ಟಿ ತಿರುಗತೊಡಗಿತು. ಮೂರನೆಯ ದಿನ, "ಅಕ್ಕಾರ, ಪಿ.ಎಫ್. ಹಿಡೀತಾರೇನ್ರಿ? ವಾರಕ್ಕ ಸೂಟಿ ಯಾವತ್ತ್ರಿ?" ಎಂದಳು. ನನಗೆ ನಗು ತಡೆಯಲಿಲ್ಲ. "ಸೂಟಿ ಬೇಕಂದ್ರ ಸಾಲಿಗೆ ಹೋಗಬೇಕಿತ್ತವಾ" ಎಂದೆ. ಅವಳು ನಗಲಿಲ್ಲ. ಮರುದಿನ ಬರಲಿಲ್ಲ. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಮೂವತ್ತು ವರ್ಷ ನಾನು ಕೇಳದೆ ಇದ್ದದ್ದೇ ತಪ್ಪು. ಇದು ತಮ್ಮನ ಮಗಳು ಬಿಡು ಎಂದ ಮೊದಲನೆಯ ಜಾಗ.

ಶಾಂತಾ ಒಂದು ಶನಿವಾರ ಮೆತ್ತಗೆ ನನ್ನ ಪಕ್ಕಕ್ಕೆ ಬಂದು ಕುಳಿತಳು. ಒಂದು ರೊಟ್ಟಿ ಕೇಂದ್ರದವರು ರೊಟ್ಟಿಗೆ ಇಷ್ಟು ಎಂದು ಕೊಡುತ್ತಾರೆ, ಮನೆಯ ಹತ್ತಿರ, ಮಧ್ಯಾಹ್ನವೇ ಬಿಡುತ್ತಾರೆ ಎಂದಳು. ಕಣ್ಣಲ್ಲಿ ನೀರು ತಂದುಕೊಂಡಿದ್ದಳು. "ಹೋಗು, ನಾ ಏನ ಅನ್ನಂಗಿಲ್ಲ" ಎಂದೆ. ಖರೇ ಹೇಳಬೇಕೆಂದರೆ ಮನಸ್ಸಿನಲ್ಲಿ ಬಹಳ ಅಂದೆ.

ಶಾಂತಾ ಹೋದ ವಾರವೇ ಮಾಲೀಕರು ರೊಟ್ಟಿ ಮಷಿನ್ನಿನ ಏಜೆಂಟನನ್ನು ಕರೆಸಿದರು. ಅವನು ಯಂತ್ರವನ್ನು ಹಿಂದಿನ ಅಂಗಳದಲ್ಲಿಳಿಸಿ, ನಮ್ಮ ಹಿಟ್ಟಿಗೆ ಒಂದಷ್ಟು ಗೋಧಿ ಹಿಟ್ಟು ಬೆರೆಸಿದ. ಬೆರೆಸದಿದ್ದರೆ ಜೋಳ ಹಾಳೆಯಾಗುವುದಿಲ್ಲವಂತೆ. ಒಂದು ಕಡೆ ಉಂಡೆ ಹಾಕಿದರೆ ಇನ್ನೊಂದು ಕಡೆ ದುಂಡಗೆ, ಒಂದೇ ಅಳತೆಯ ರೊಟ್ಟಿ ಬಿತ್ತು. ನಾನು ಒಂದನ್ನು ಮುರಿದು ತಿಂದೆ. ಚಪಾತಿಯೂ ಅಲ್ಲ, ರೊಟ್ಟಿಯೂ ಅಲ್ಲ. ಮಂದಿ ತಾಟು ಬಿಟ್ಟು ಏಳುತ್ತಾರೆ ಎಂದು ನನಗೆ ಪೂರಾ ಭರವಸೆ. ಮಾಲೀಕರು ಯಾರಿಗೂ ಹೇಳದೆ ಆ ದಿನದ ಪಂಕ್ತಿಗೆ ಮಷಿನ್ ರೊಟ್ಟಿಯನ್ನೇ ಬಡಿಸಿದರು. ನಾನು ಬಾಗಿಲ ಮರೆಯಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿದೆ.

ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷದಿಂದ ಬರುವ ವಕೀಲರೊಬ್ಬರು ಕೈ ತೊಳೆಯುತ್ತ, "ವೀರಣ್ಣಾ, ಇವತ್ತ ರೊಟ್ಟಿ ಭಾಳ ಮೆತ್ತಗ ಆಗ್ಯಾವ ನೋಡ್ರಿ" ಎಂದು ಹೊಗಳಿ ಹೋದರು. ನಾನು ಒಳಗೆ ಬಂದು ನನ್ನ ಮಣೆಯ ಮೇಲೆ ಕುಳಿತೆ. ಅಷ್ಟು ಅವಮಾನ ನನಗೆ ಮಾಳಮಡ್ಡಿಯಲ್ಲೂ ಆಗಿರಲಿಲ್ಲ.

ಮಾಲೀಕರು ಸಂಜೆಗೆ ಬಂದು ಎದುರು ಕುಳಿತರು. ಅವರ ತಲೆಯೂ ಬೆಳ್ಳಗಾಗಿತ್ತು. "ನೀಲವ್ವಾ, ನನಗೂ ಆ ಡಬ್ಬಿ ಬೇಕಾಗಿಲ್ಲ. ಬ್ಯಾಂಕ್‌ನ್ಯಾಗ ಸಾಲಾ ಎತ್ತಬೇಕು, ಕರೆಂಟ್ ಬಿಲ್ ಬ್ಯಾರೆ. ದಸರಾದೊಳಗ ಎರಡನೇ ಒಲಿಗೆ ಬಡಿಯುವ ಕೈ ಹುಡುಕಿ ಕೊಡು, ಮಷಿನ್ ಬ್ಯಾಡ ಅಂತೇನಿ. ಇಲ್ಲಂದ್ರ ಒಲಿ ಒಡಸ್ತೇನಿ. ನಿಮ್ಮನ್ನೆಲ್ಲಾ ಕಳಸಬೇಕಾಗ್ತದ" ಎಂದರು. ದಸರೆಗೆ ಆರು ವಾರವಿತ್ತು.

ಆರು ವಾರ ನಾನು ತಿರುಗದ ಓಣಿ ಇಲ್ಲ. ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ. ಶಾಂತಾಳ ಮನೆಗೂ ಹೋಗಿ ನಾಚಿಕೆ ಬಿಟ್ಟು ಕರೆದೆ. ಅವಳು ಚುರುಮುರಿ ತಿನ್ನಿಸಿ ಕಳಿಸಿದಳು. ಇದರ ನಡುವೆ ನನ್ನ ಬಲಗೈಯ ಮಣಿಕಟ್ಟು ಬೆಳಿಗ್ಗೆ ಏಳುವಾಗ ಜೋಮು ಹಿಡಿಯುತ್ತಿತ್ತು. ಮೂರು ಒಲೆಯ ಕೆಲಸ ಒಂದೇ ಕೈ ಮಾಡಿದರೆ ಮತ್ತೇನಾಗುತ್ತದೆ? ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾಲೀಕರು ದಸರೆಯವರೆಗೂ ಕಾಯುವುದಿಲ್ಲವೆಂಬ ಹೆದರಿಕೆ.

ಐದನೆಯ ವಾರದ ಸೋಮವಾರ. ಕೋರ್ಟಿನ ಮಂದಿ, ಮಾರ್ಕೆಟ್ಟಿನ ಮಂದಿ, ಖಾನಾವಳಿ ತುಂಬಿತ್ತು. ಒಂದು ಗಂಟೆಯ ಸುಮಾರಿಗೆ ಅರ್ಧ ಬಡಿದ ರೊಟ್ಟಿಯ ಮೇಲೆ ನನ್ನ ಕೈ ಬಿದ್ದದ್ದು ಬಿದ್ದಂತೆಯೇ ಉಳಿಯಿತು. ಬೆರಳು ಮಡಚಲಾರೆ, ಎತ್ತಲಾರೆ. ಮೊಣಕೈವರೆಗೆ ಮಿಂಚು ಹೊಡೆದಂತಾಯಿತು. ಮುದುಕಿ ಹಂಚಿನ ಮುಂದೆ ಬಾಯಿ ತೆರೆದು ಕುಳಿತಿದ್ದಳು. ಹೊರಗಿನಿಂದ "ರೊಟ್ಟಿ ಬರಲಿ, ರೊಟ್ಟಿ" ಎಂದು ಬಡಿಸುವವನು ಕೂಗುತ್ತಲೇ ಇದ್ದ. ಗಲ್ಲಾದಿಂದ ಮಾಲೀಕರು ಎದ್ದು ಬಂದರು. ಒಲೆ ನೋಡಿದರು, ನನ್ನ ಕೈ ನೋಡಿದರು. ಆಯಿತು, ಮುಗಿಯಿತು ಎಂದುಕೊಂಡೆ.

ಆಗ ಮುಸುರೆ ಕಟ್ಟೆಯಿಂದ ಫಕೀರವ್ವ ಎದ್ದು ಬಂದಳು. ಹನ್ನೊಂದು ವರ್ಷದಿಂದ ನಮ್ಮಲ್ಲಿ ತಾಟು ತೊಳೆಯುತ್ತಿದ್ದವಳು. ಮಾತು ಕಡಿಮೆ. ಕುದಿಯುವ ನೀರನ್ನು ತಣ್ಣೀರಿಗೆ ಬೆರೆಸಿಕೊಂಡು ಮೊಣಕೈವರೆಗೆ ಸಾಬೂನು ಹಚ್ಚಿ ತಿಕ್ಕಿ ತೊಳೆದಳು. ಬಳೆ ಮೇಲಕ್ಕೇರಿಸಿದಳು. "ಅಕ್ಕಾರ, ಸ್ವಲ್ಪ ಸರೀರಿ" ಎಂದಳು.

ಮೂವತ್ತು ವರ್ಷದ ನೇಮ ನನ್ನ ನಾಲಿಗೆಯ ತುದಿಗೆ ಬಂತು. ಅದನ್ನು ಮುಚ್ಚಿಡಲಾರೆ. ಬ್ಯಾಡ ಎನ್ನಲು ಬಾಯಿ ತೆರೆದಿದ್ದೆ. ಮಾಲೀಕರೇ, "ಆ ಕಡೆ ಸರಿ ನೀಲವ್ವಾ" ಎಂದರು. ಸರಿದೆ.

ಫಕೀರವ್ವ ನನ್ನ ಅರ್ಧ ರೊಟ್ಟಿಯನ್ನು ತೆಗೆದು ಉಂಡೆ ಮಾಡಿ, ಹೊಸದಾಗಿ ಇಟ್ಟಳು. ನಾಲ್ಕು ಏಟಿಗೆ ನನಗೆ ತಿಳಿಯಿತು. ಅಂಗೈ ಬೀಳುತ್ತಿತ್ತು, ಬೆರಳು ಬೀಳುತ್ತಿರಲಿಲ್ಲ. ರೊಟ್ಟಿ ತಾನೇ ತಿರುಗುತ್ತಿತ್ತು. ನನ್ನದಕ್ಕಿಂತ ತೆಳ್ಳಗೆ, ಅಂಚಿನಲ್ಲಿ ಒಂದು ಸೀಳಿಲ್ಲ. ಹಂಚಿನ ಮೇಲೆ ಬಿದ್ದದ್ದು ಚೆಂಡಿನ ಹಾಗೆ ಉಬ್ಬಿತು. ಪ್ರತಿ ರೊಟ್ಟಿಗೊಮ್ಮೆ ಅವಳು ಕೈಯನ್ನು ತಣ್ಣೀರಿನಲ್ಲಿ ಅದ್ದಿ ತೆಗೆಯುತ್ತಿದ್ದಳು, ತುಟಿ ಕಚ್ಚಿಕೊಳ್ಳುತ್ತಿದ್ದಳು. ಅದು ಅವಳ ರೂಢಿಯೇನೋ ಎಂದುಕೊಂಡೆ. ಆ ಪಂಕ್ತಿಯವರೆಲ್ಲ ಉಂಡು ಎದ್ದರು.

ಜನ ಖಾಲಿಯಾದ ಮೇಲೆ ಅವಳ ಕೈ ಹಿಡಿದು ನೋಡಿದೆ. ಅಂಗೈ ತುಂಬ ಸೀಳು. ಪಾತ್ರೆಯ ಸೋಡಾ ಪುಡಿ ಹನ್ನೊಂದು ವರ್ಷ ತಿಂದ ಕೈ. ಆ ಸೀಳುಗಳ ಮೇಲೆ ಉಪ್ಪು ಹಾಕಿದ ಬಿಸಿ ಹಿಟ್ಟು ತಿಕ್ಕಿದ್ದಳು.

"ಎಲ್ಲೆ ಕಲ್ತಿ?" ಎಂದೆ.

"ತವರಮನ್ಯಾಗ್ರಿ. ದಿನಾ ಒಂದ ಬುಟ್ಟಿ ಬಡೀತಿದ್ದೆ."

"ಇಷ್ಟ ವರ್ಷ ಹೇಳಲಿಲ್ಲಲ್ಲ ಮತ್ತ? ನಾ ಊರೆಲ್ಲಾ ಹುಡುಕ್ಯಾಡಾಕತ್ತೀನಿ!"

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಸಿಟ್ಟಿರಲಿಲ್ಲ. "ಹೇಳಿದ್ನಲ್ರಿ. ಬಂದ ಮೊದಲನೇ ವಾರಾನ ಹೇಳಿದ್ದೆ, ಅಕ್ಕಾರ ನನಗ ರೊಟ್ಟಿ ಬರ್ತಾವ ಅಂತ. ನೀವು 'ಬರ್ತಾವವಾ, ತಿನ್ನಾಕ, ಹೋಗಿ ತಾಟ ತೊಳಿ' ಅಂದ್ರಿ. ಎಲ್ಲಾರೂ ನಕ್ಕರು. ನಾನೂ ನಕ್ಕೆ."

ನನಗೆ ಅದು ನೆನಪೇ ಇಲ್ಲ. ಇವತ್ತಿಗೂ ಇಲ್ಲ. ಅಂದಿಲ್ಲ ಎಂದು ವಾದಿಸಲು ಬಾರದು, ಏಕೆಂದರೆ ಮಾತಿನ ಧಾಟಿ ನನ್ನದೇ. ಇದು ತಮ್ಮನ ಮಗಳು ಬಿಡು ಎಂದ ಎರಡನೆಯ ಜಾಗ.

ಡಾಕ್ಟರು ನನ್ನ ಕೈ ನೋಡಿ, ಬಡಿಯುವುದು ಇನ್ನು ಬಂದ್ ಎಂದರು. ಮಾಲೀಕರು ಫಕೀರವ್ವನನ್ನು ಕರೆದು ಒಲೆಗೆ ಕೂಡು ಎಂದರು. ಅವಳು, "ಕೂಡ್ತೇನ್ರಿ. ಒಲಿಯವರ ಪಗಾರ ಕೊಡಬೇಕು. ಮತ್ತ ಎರಡನೇ ಒಲಿಗೆ ನನ್ನ ತಂಗೀನ ಕರಸ್ತೇನಿ, ಆಕಿದೂ ಕೈ ಛಲೋ ಐತಿ. ಆದರ ತಾಟ ಯಾರ ತೊಳೀತಾರ್ರಿ?" ಎಂದಳು. ಮಾಲೀಕರು ತಲೆ ಕೆರೆದುಕೊಂಡರು. ರೊಟ್ಟಿ ಬಡಿಯುವವರನ್ನು ಹುಡುಕುವುದು ಕಷ್ಟವಾದರೆ ಮುಸುರೆ ತೊಳೆಯುವವರನ್ನು ಹುಡುಕುವುದು ಅದಕ್ಕಿಂತ ಕಷ್ಟ. ಬಂದವರು ಅರ್ಧ ದಿನಕ್ಕೆ ಓಡುತ್ತಾರೆ. ಇಬ್ಬರೂ ಒಲೆಗೆ ಕುಳಿತು ತಾಟು ಹಾಗೇ ಬಿದ್ದರೆ ಖಾನಾವಳಿ ನಡೆಯುವುದಿಲ್ಲ, ಮತ್ತೆ ಮಷಿನ್ನಿಗೇ ಬಂದು ನಿಲ್ಲುತ್ತದೆ.

"ನಾ ತೊಳೀತೇನಿ" ಎಂದೆ.

ಮಾಲೀಕರು, "ನೀ ಸುಮ್ನಿರು ನೀಲವ್ವಾ, ಮಂದಿ ನನಗ ಏನಂದಾರು" ಎಂದರು. ಎಡಗೈ ಗಟ್ಟಿ ಇದೆ, ಬಡಿಯುವುದಷ್ಟೇ ಬೇಡ ಎಂದಿದ್ದಾರೆ ಡಾಕ್ಟರು, ಬಲಗೈಯಲ್ಲಿ ತಾಟು ಹಿಡಿದರೆ ಸಾಕು ಎಂದೆ. ಫಕೀರವ್ವ ಬೇಡ ಎನ್ನಲಿಲ್ಲ. ನನಗೆ ಅದು ಹಿತವಾಯಿತು. ಬೇಡ ಎಂದಿದ್ದರೆ ನಾನು ಅಲ್ಲಿ ನಿಲ್ಲುತ್ತಿರಲಿಲ್ಲವೇನೋ.

ಮಷಿನ್ ಬರಲಿಲ್ಲ. ದಸರೆಯ ಹೊತ್ತಿಗೆ ಎರಡೂ ಒಲೆ ಉರಿಯುತ್ತಿದ್ದವು. ಫಕೀರವ್ವನ ಕೈ ಮಾಯಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ತಂಗಿಯೇ ಎರಡೂ ಒಲೆಯ ಹಿಟ್ಟು ನಾದಿಕೊಟ್ಟಳು, ಅಕ್ಕ ಬಡಿಯುವುದಷ್ಟೇ ಮಾಡಿದಳು. ಕೆಲಸ ಬಿಡುವ ಮೊದಲಿನ ಎಂಟು ತಿಂಗಳು ನಾನು ಮಾಡಿದ್ದು ತಾಟು ತೊಳೆಯುವ ಕೆಲಸ. ಮಂದಿ ಇದನ್ನು ಕೇಳಿ ಅಯ್ಯೋ ಎನ್ನುತ್ತಾರೆ. ಅಯ್ಯೋ ಎನ್ನುವಂಥದ್ದೇನೂ ಇಲ್ಲ. ಮೂರನೆಯ ವಾರಕ್ಕೆ ನನ್ನ ಕೈಯೂ ಸೀಳಿತು, ಮಾಲೀಕರಿಗೆ ಹೇಳಿ ಸೋಡಾ ಪುಡಿ ಬಿಡಿಸಿ ಬೇರೆ ಸಾಬೂನು, ರಬ್ಬರಿನ ಕೈಗವಸು ತರಿಸಿದೆ. ಹನ್ನೊಂದು ವರ್ಷದಲ್ಲಿ ಯಾರಿಗೂ ಹೊಳೆಯದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಜೋಳದ ಮಾತು, ನೀರಿನ ಮಾತು ಎಲ್ಲ ಮೇಲೆ ಹೇಳಿದ್ದೇನೆ. ಜನ ಸಿಗುವುದಿಲ್ಲ ಎಂದು ಯಾರಾದರೂ ನಿಮ್ಮೆದುರು ಗೋಳಾಡಿದರೆ ಮೊದಲು ಅವರ ಅಡುಗೆಮನೆ ನೋಡಿ ಬನ್ನಿ. ನಾನು ನೋಡಿದ್ದು ತಡವಾಗಿ, ಅದೂ ಮುಸುರೆ ಕಟ್ಟೆಗೆ ಹೋದ ಮೊದಲ ದಿನ. ತಾಟು ತಿಕ್ಕುತ್ತ ತಲೆ ಎತ್ತಿದೆ. ಅಲ್ಲಿಂದ ಒಲೆ ಪೂರ್ತಿ ಕಾಣುತ್ತದೆ, ಹಿಟ್ಟು, ಹಂಚು, ಬಡಿಯುವವಳ ಭುಜ, ಮೊಣಕೈ ಎಲ್ಲ. ಒಲೆ ಇರುವುದು ಎದುರಿನ ಗೋಡೆಗೆ, ಅಲ್ಲಿ ಕುಳಿತವಳಿಗೆ ಈ ಕಟ್ಟೆ ಕಾಣುವುದಿಲ್ಲ. ಹನ್ನೊಂದು ವರ್ಷ ಫಕೀರವ್ವ ದಿನವೂ ನೋಡಿದ್ದು ನನ್ನ ಬೆನ್ನನ್ನು.